ಇಂದು ಉದ್ರಿ, ನಾಳೆ ನಗದು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕಿರಾಣಿ ಅಂಗಡಿಗಳಲ್ಲಿ ಗೋಡೆಗೆ ತೂಗುಹಾಕಿದ ಒಂದು ಹಲಗೆಯನ್ನು ನಾವೆಲ್ಲರೂ ಬಲ್ಲೆವು. ಕನ್ನಡದಲ್ಲಾದರೆ 'ಇಂದು ನಗದು, ನಾಳೆ ಉದ್ರಿ'. ಮರಾಠಿಯಲ್ಲಾದರೆ 'ಆಜ್ ರೋಖ್, ಉದ್ಯಾ ಉಧಾರ್'. ಭಾಷೆ ಎರಡಾದರೂ ವಿನೋದ ಒಂದೇ. ನಾಳೆ ಎಂಬ ದಿನ ಎಂದಿಗೂ ಬಾರದು, ಆದ್ದರಿಂದ ಉದ್ರಿಯೂ ದೊರೆಯದು. ಹೀಗೆ ಹಲಗೆ ಹಾಕಿದ ಅಂಗಡಿಕಾರನೇ ಪರಿಚಯದ ಮನೆತನಗಳಿಗೆ ವಹಿಯಲ್ಲಿ ಉದ್ರಿ ಬರೆದುಕೊಂಡು ಸಾಮಾನು ಕೊಡುತ್ತಿದ್ದನೆಂಬುದೂ ನಮಗೆ ತಿಳಿದ ಸಂಗತಿಯೇ. ಆ ಮನೆಗೆ ಪಗಾರ ಯಾವ ದಿನ ಬರುತ್ತದೆ, ಮಕ್ಕಳೆಷ್ಟು, ಈ ವರ್ಷ ಮದುವೆಯಿದೆಯೇ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಬಾಕಿ ಬೆಳೆಯುತ್ತ ಬಂದರೆ ಅವನೇ ಕೈ ತಡೆದು, 'ಮೊದಲಿನದು ಮುಟ್ಟಿಸ್ರಿ, ಆಮ್ಯಾಲ ನೋಡೋಣು' ಎನ್ನುತ್ತಿದ್ದ. ಆ ಮಾತಿನಿಂದ ಅಪಮಾನವಾಗುತ್ತಿತ್ತು, ನಿಜ. ಆದರೆ ಸಾಲಕ್ಕೊಂದು ಕಟ್ಟೆಯೂ ಕಟ್ಟಿದಂತಾಗುತ್ತಿತ್ತು.

ಇಂದು ನಮ್ಮ ಕಿಸೆಗಳಲ್ಲಿರುವ ಕ್ರೆಡಿಟ್ ಕಾರ್ಡು ಆ ಹಲಗೆಯ ಮಾತನ್ನು ತಿರುವು ಮುರುವು ಮಾಡಿದೆ. ಇಂದು ಉದ್ರಿ, ನಾಳೆ ನಗದು ಎಂಬುದು ಅದರ ಸೂತ್ರ. ಈ ನಾಳೆ ಮಾತ್ರ ತಪ್ಪದೆ ಬರುತ್ತದೆ. ಬರುವಾಗ ಬಡ್ಡಿಯನ್ನೂ ಕರೆದುಕೊಂಡು ಬರುತ್ತದೆ. ಹಾಗಾದರೆ ಸಾಲ ಮಾಡುವುದೇ ಒಂದು ನೈತಿಕ ದೋಷವೇ? ಅಲ್ಲವೆಂದಾದರೆ ದೋಷ ಯಾವ ಘಟ್ಟದಲ್ಲಿ ಮೊದಲಾಗುತ್ತದೆ? ಈ ಪ್ರಶ್ನೆಯನ್ನು ವಿಚಾರಿಸಲು ಧರ್ಮಗ್ರಂಥವನ್ನಾಗಲಿ ಅರ್ಥಶಾಸ್ತ್ರವನ್ನಾಗಲಿ ಆಶ್ರಯಿಸದೆ, ಒಂದು ನಗೆ ಕಾದಂಬರಿಯನ್ನು ಆಶ್ರಯಿಸುವುದು ನಮ್ಮ ಉದ್ದೇಶ. ಕೊರವಂಜಿಯ ಬಳಗವನ್ನೂ ಬೀಚಿಯವರನ್ನೂ ಓದಿ ಬೆಳೆದ ಕನ್ನಡಿಗರಿಗೆ, ನಗಿಸುವ ಬರಹ ಹಗುರವಾದ ಬರಹವೇ ಆಗಬೇಕಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆ ಕಾದಂಬರಿ ಇಂಗ್ಲೆಂಡಿನದು. ಸೋಫಿ ಕಿನ್ಸೆಲ್ಲಾ ಎಂಬ ಕಾವ್ಯನಾಮದಲ್ಲಿ ಮೆಡೆಲಿನ್ ವಿಕಮ್ ಬರೆದ ಇದು 2000ದಲ್ಲಿ 'ದ ಸೀಕ್ರೆಟ್ ಡ್ರೀಮ್‌ವರ್ಲ್ಡ್ ಆಫ್ ಎ ಶಾಪಹಾಲಿಕ್' ಎಂಬ ಹೆಸರಿನಿಂದ ಪ್ರಕಟವಾಯಿತು. ಅಮೆರಿಕದಲ್ಲಿ 'ಕನ್ಫೆಷನ್ಸ್ ಆಫ್ ಎ ಶಾಪಹಾಲಿಕ್' ಎಂದು ಹೆಸರು ಬದಲಿಸಿಕೊಂಡಿತು. 2009ರಲ್ಲಿ ಚಲನಚಿತ್ರವೂ ಆಯಿತು. ಲೇಖಕಿ ಸ್ವತಃ ಹಣಕಾಸಿನ ಪತ್ರಕರ್ತೆಯಾಗಿ ದುಡಿದವರು. ಅವರ ನಾಯಕಿ ರೆಬೆಕಾ ಬ್ಲೂಮ್‌ವುಡ್, ಎಂದರೆ ಬೆಕಿ, ಕೂಡ ಅದೇ ವೃತ್ತಿಯವಳು. ಲಂಡನ್ನಿನ 'ಸಕ್ಸೆಸ್‌ಫುಲ್ ಸೇವಿಂಗ್' ಎಂಬ ಪತ್ರಿಕೆಯಲ್ಲಿ ಉಳಿತಾಯದ ದಾರಿಗಳನ್ನು ಕುರಿತು ಬರೆಯುವುದು ಅವಳ ಕೆಲಸ. ಓದುಗರಿಗೆ ಉಳಿತಾಯ ಬೋಧಿಸುವವಳ ಸ್ವಂತ ಖಾತೆಯಲ್ಲಿ ಉಳಿದಿರುವುದು ಸಾಲವೊಂದೇ. ವಿರೋಧಾಭಾಸದ ಈ ಒಂದು ಎಳೆಯಿಂದಲೇ ಇಡೀ ಕಾದಂಬರಿ ನೇಯ್ದುಕೊಳ್ಳುತ್ತದೆ.

ಕಥೆಯ ನಡುನಡುವೆ ಬ್ಯಾಂಕಿನಿಂದ ಬಂದ ಪತ್ರಗಳನ್ನು ಲೇಖಕಿ ಇರಿಸುತ್ತ ಹೋಗುತ್ತಾರೆ. ಮೊದಮೊದಲಿನ ಪತ್ರಗಳು ಸಿಹಿಯಾಗಿವೆ. ಹೊಸದಾಗಿ ಪದವಿ ಪಡೆದ ತರುಣಿಗೆ ಖಾತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಹಣ ತೆಗೆಯುವ ಸೌಲಭ್ಯವನ್ನು ಎಂಡ್‌ವಿಚ್ ಬ್ಯಾಂಕು ತಾನಾಗಿ ನೀಡುತ್ತದೆ. ಅವಳು ಆ ಮಿತಿಯನ್ನು ಮೀರಿದ ಮೇಲೆ ಪತ್ರಗಳ ಧಾಟಿ ಬದಲಾಗುತ್ತದೆ. ಡೆರೆಕ್ ಸ್ಮೀತ್ ಎಂಬ ಅಧಿಕಾರಿ ಬಂದು ಭೇಟಿಯಾಗುವಂತೆ ಮತ್ತೆ ಮತ್ತೆ ಕೇಳುತ್ತಾನೆ. ಬೆಕಿಯ ಉತ್ತರಗಳೇ ಕಾದಂಬರಿಯ ಅತ್ಯಂತ ನಗೆಯ ಭಾಗ. ಕಾಲು ಮುರಿದಿದೆ, ಜ್ವರ ಬಂದಿದೆ, ನಾಯಿ ಸತ್ತಿದೆ: ಒಂದೊಂದು ಪತ್ರಕ್ಕೂ ಒಂದೊಂದು ವಿಪತ್ತು. ನಾವು ನಗುತ್ತೇವೆ. ಆದರೆ ಆ ನಗೆಯ ಅಡಿಯಲ್ಲಿ ಒಂದು ಕ್ರಮವಿದೆ. ಮೊದಲು ಅವಳು ಬಿಲ್ಲು ಎಷ್ಟು ಬಂದಿರಬಹುದೆಂದು ಮನಸ್ಸಿನಲ್ಲೇ ಒಂದು ಸಣ್ಣ ಮೊತ್ತವನ್ನು ಊಹಿಸಿಕೊಂಡು ಸಮಾಧಾನಪಡುತ್ತಾಳೆ. ನಿಜವಾದ ಮೊತ್ತ ಕಂಡಾಗ, ಅಷ್ಟನ್ನು ತಾನು ಖರ್ಚು ಮಾಡಿಯೇ ಇಲ್ಲ, ಬೇರೆ ಯಾರೋ ತನ್ನ ಕಾರ್ಡನ್ನು ಬಳಸಿರಬೇಕೆಂದು ತರ್ಕಿಸುತ್ತಾಳೆ. ಅದೂ ಸಾಲದಾದಾಗ ಕಾಗದವನ್ನು ಕಣ್ಣಿಗೆ ಬೀಳದಂತೆ ಮಾಡುತ್ತಾಳೆ. ಬ್ಯಾಂಕಿಗೆ ಸುಳ್ಳು ಬರೆಯುವ ಹೊತ್ತಿಗಾಗಲೇ ಅವಳು ತನಗೆ ತಾನು ಸುಳ್ಳು ಹೇಳಿಕೊಂಡು ಮುಗಿಸಿರುತ್ತಾಳೆ.

ನಮ್ಮ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ದೊರೆಯುತ್ತದೆ. ಸಾಲ ಮಾಡುವುದರಲ್ಲಿ ಸ್ವತಃ ಪಾಪವೇನಿಲ್ಲ. ಕೊಡುತ್ತೇನೆಂಬ ಮಾತಿನ ಮೇಲೆ ಪಡೆದು, ಆಡಿದಂತೆ ಕೊಡುವುದು ಮನುಷ್ಯರ ನಡುವಿನ ವಿಶ್ವಾಸದ ಒಂದು ರೂಪ. ದೋಷ ಮೊದಲಾಗುವುದು ಲೆಕ್ಕವನ್ನು ನೋಡಲು ಒಲ್ಲೆನೆಂದಾಗ. ಏಕೆಂದರೆ ಲೆಕ್ಕ ನೋಡದವನಿಗೆ ತಾನು ಕೊಟ್ಟ ಮಾತು ಎಷ್ಟು ದೊಡ್ಡದೆಂಬುದೇ ತಿಳಿದಿರುವುದಿಲ್ಲ. ತಿಳಿಯದ ಮಾತನ್ನು ಯಾರೂ ಉಳಿಸಿಕೊಳ್ಳಲಾರರು. ಸಾಲ ತರುವಾಗಿನ ಸವಿಯನ್ನೂ ತೀರಿಸುವಾಗಿನ ಸಂಕಟವನ್ನೂ ಸರ್ವಜ್ಞ ಬಹಳ ಹಿಂದೆಯೇ ನಮಗೆ ತೋರಿಸಿಕೊಟ್ಟಿದ್ದಾನೆ. ಈ ಕಾದಂಬರಿ ತೋರಿಸುವುದು ಅವೆರಡರ ನಡುವಿನ ಕಾಲವನ್ನು, ಎಂದರೆ ಕಾಗದ ಬಂದು ಬಿದ್ದಿದ್ದರೂ ಒಡೆದು ನೋಡದ ಆ ದಿನಗಳನ್ನು.

ಇಷ್ಟಕ್ಕೂ ಬೆಕಿ ಕೊಳ್ಳುವುದಾದರೂ ಏನು? ಕಾದಂಬರಿಯ ಆರಂಭದಲ್ಲಿ ಒಂದು ರೇಷ್ಮೆಯ ಕೊರಳವಸ್ತ್ರದ ಪ್ರಸಂಗ ಬರುತ್ತದೆ. ಹೆಸರಾಂತ ಅಂಗಡಿ, ಇಳಿಸಿದ ಬೆಲೆ. ಆ ವಸ್ತ್ರವನ್ನು ತೊಟ್ಟವಳೆಂದು ಜನ ತನ್ನನ್ನು ಗುರುತಿಸುವ ಚಿತ್ರವೊಂದು ಅವಳ ಕಣ್ಣ ಮುಂದೆ ಮೂಡುತ್ತದೆ. ಕೈಯಲ್ಲಿ ಹಣ ಸಾಲದೆ, ಕಾಯಿಲೆಯ ಅತ್ತೆಯೊಬ್ಬಳಿಗೆ ಕಾಣಿಕೆ ಕೊಡಬೇಕೆಂದು ಸುಳ್ಳು ಹೇಳಿ, ಲ್ಯೂಕ್ ಬ್ರಾಂಡನ್ ಎಂಬಾತನಿಂದ 20 ಪೌಂಡು ಕೈಗಡ ಪಡೆಯುತ್ತಾಳೆ. ಇಲ್ಲಿ ಅವಳಿಗೆ ಬೇಕಾಗಿರುವುದು ಬಟ್ಟೆಗಿಂತ ಹೆಚ್ಚಾಗಿ, ಆ ಬಟ್ಟೆಯನ್ನು ತೊಟ್ಟ ಮತ್ತೊಬ್ಬ ಬೆಕಿ: ಆತ್ಮವಿಶ್ವಾಸದವಳು, ಎಲ್ಲರೂ ಮೆಚ್ಚುವವಳು. ಬಟ್ಟೆಗೆ ಒಂದು ಬೆಲೆಯುಂಟು, ಒಮ್ಮೆ ಕೊಟ್ಟರೆ ತೀರಿತು. ಆ ಮತ್ತೊಬ್ಬಳಿಗೆ ಬೆಲೆ ಕಟ್ಟಿ ಮುಗಿಯುವಂತಿಲ್ಲ. ಒಂದು ವಸ್ತು ಮನೆಗೆ ಬಂದ ಕೂಡಲೇ ಅವಳು ಮುಂದಿನ ಅಂಗಡಿಯ ಕಿಟಕಿಯಲ್ಲಿ ಹೋಗಿ ನಿಲ್ಲುತ್ತಾಳೆ.

ಇದು ಲಂಡನ್ನಿನ ಹುಡುಗಿಯ ಚಪಲವೆಂದು ನಾವು ಬದಿಗಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಇದೇ ಆಸೆ ಬೇರೆ ವೇಷದಲ್ಲಿ ಬರುತ್ತದೆ. ಮದುವೆಯ ಮಂಟಪ, ಬೀಗರ ಎದುರಿನ ಊಟದ ಪಂಕ್ತಿ, ಗೃಹಪ್ರವೇಶದ ದಿನಕ್ಕೆಂದೇ ಬಂದ ಸೋಫಾ, ಮಗ ಕೇಳಿದ ಮೊಬೈಲು: ಇವುಗಳಲ್ಲಿ ಎಷ್ಟು ನಮ್ಮ ಅಗತ್ಯಕ್ಕಾಗಿ, ಎಷ್ಟು ನೋಡುವವರ ಕಣ್ಣಿಗಾಗಿ? ಎರಡನೆಯದು ಸಂಪೂರ್ಣ ತಪ್ಪೆಂದು ಹೇಳುವ ಹಟ ನಮಗಿಲ್ಲ. ನಾಲ್ಕು ಜನರ ನಡುವೆ ಮಾನದಿಂದ ನಿಲ್ಲಬೇಕೆಂಬುದು ಮನುಷ್ಯ ಸಹಜವಾದ ಬಯಕೆ. ಪರಭಾಷೆಯ ಸೀಮೆಯಲ್ಲಿ ತಲೆಮಾರುಗಳಿಂದ ಬಾಳಿದ ನಮ್ಮಂಥವರಲ್ಲಿ ಅದು ಒಂದು ಗುಂಜಿ ಹೆಚ್ಚೇ ಇರಬಹುದು. ಆದರೆ ಇನ್ನೂ ಗಳಿಸದ ಹಣದಿಂದ ಕೊಂಡ ಮಾನವನ್ನು ನಾಳಿನ ದುಡಿಮೆ ತೀರಿಸಬೇಕಾಗುತ್ತದೆ, ಮತ್ತು ಆ ನಾಳಿನ ದುಡಿಮೆ ಬಹಳ ಸಲ ಮನೆಯ ಬೇರೊಬ್ಬರದಾಗಿರುತ್ತದೆ.

ಬೆಕಿಯ ತಂದೆ ಅವಳಿಗೆ ಎರಡು ದಾರಿಗಳನ್ನು ತೋರಿಸುತ್ತಾನೆ. ಖರ್ಚು ಕಡಿಮೆ ಮಾಡು, ಇಲ್ಲವೇ ಹೆಚ್ಚು ಗಳಿಸು. ನಮ್ಮ ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು. ಈತ ಹಾಸಿಗೆಯನ್ನು ಉದ್ದ ಮಾಡಿಕೊಳ್ಳುವ ದಾರಿಯನ್ನೂ ಸೇರಿಸುತ್ತಾನೆ. ಮಗಳು ಎರಡನ್ನೂ ಪ್ರಯತ್ನಿಸುತ್ತಾಳೆ. ಮಿತವ್ಯಯ ಕಲಿಯಲೆಂದು ಮೊದಲು ಮಿತವ್ಯಯದ ಪುಸ್ತಕವನ್ನು ಕೊಳ್ಳುತ್ತಾಳೆ. ಖರ್ಚು ಬರೆದಿಡಲೆಂದು ಅಂದದ ನೋಟುಬುಕ್ಕನ್ನು ಕೊಳ್ಳುತ್ತಾಳೆ. ಹೊರಗೆ ಉಣ್ಣುವ ಬದಲು ಮನೆಯಲ್ಲೇ ಭಾರತೀಯ ಅಡುಗೆ ಮಾಡಲೆಂದು ಪಾತ್ರೆ ಪಡಗ, ಮಸಾಲೆಗಳನ್ನೆಲ್ಲ ಕೊಳ್ಳುತ್ತಾಳೆ. ಹಣ ಖರ್ಚಾಗದ ಒಂದು ದಿನ ಕಳೆಯಲು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋದರೆ, ಅಲ್ಲಿಟ್ಟ ವಸ್ತುಗಳಿಗೆ ಬೆಲೆಯ ಚೀಟಿ ಅಂಟಿಸಿಲ್ಲವಲ್ಲ ಎಂದು ಅವಳಿಗೆ ಬೇಸರ. ಇದು ಬರಿಯ ವಿನೋದವಲ್ಲ. ಮಿತವ್ಯಯವನ್ನೂ ಅವಳು ತೊಡಲು ಯೋಗ್ಯವಾದ ಒಂದು ಹೊಸ ಉಡುಪಿನಂತೆ ಕಂಡಳು. ಸರಳ ಜೀವಿಯೆಂದು ಕಾಣಿಸಿಕೊಳ್ಳುವ ಆಸೆಯೂ ಕಾಣಿಸಿಕೊಳ್ಳುವ ಆಸೆಯೇ. ಆಸೆ ಬದಲಾಗದೆ ಅಂಗಡಿ ಮಾತ್ರ ಬದಲಾದರೆ ಲೆಕ್ಕ ಇಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡುವುದು ನ್ಯಾಯ. ಸಾಲಗಾರನಿಗೆ ನೀತಿ ಹೇಳುವವರು ಬಹಳ. ಸಾಲ ಕೊಡುವವನಿಗೆ ಹೇಳುವವರು ವಿರಳ. ಬೆಕಿ ಬಾಕಿಯಲ್ಲಿ ಮುಳುಗಿದ್ದಾಗಲೂ ಹೊಸ ಸಾಲದ, ಹೊಸ ಕಾರ್ಡಿನ ಆಹ್ವಾನಗಳು ಅವಳ ಬಾಗಿಲಿಗೆ ಬರುತ್ತಲೇ ಇರುತ್ತವೆ. ನಮ್ಮ ದೇಶದ ಕಾರ್ಡುಗಳ ಕ್ರಮವನ್ನೇ ನೋಡೋಣ. ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಿದವನಿಗೆ ಬಡ್ಡಿಯಿಲ್ಲ. ಒಂದಿಷ್ಟು ಬಾಕಿ ಉಳಿಸಿದರೆ ಆ ಸವಲತ್ತು ಹೋಗುತ್ತದೆ. ಮುಂದೆ ಮಾಡುವ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂಬ ಸಣ್ಣ ಮೊತ್ತವೊಂದು ಕಣ್ಣಿಗೆ ಹಿತವಾಗಿ ಕಾಣುತ್ತಿರುತ್ತದೆ. 50,000 ರೂಪಾಯಿ ಬಾಕಿಯಿದ್ದು, ತಿಂಗಳಿಗೆ ಶೇ. 3.5ರ ಬಡ್ಡಿಯಿದೆ ಎನ್ನೋಣ. ಒಂದು ತಿಂಗಳ ಬಡ್ಡಿ 1,750 ರೂಪಾಯಿ. ಅದರ ಮೇಲೆ ಶೇ. 18ರ ಜಿಎಸ್‌ಟಿ 315 ರೂಪಾಯಿ. ಆ ತಿಂಗಳು ಬಾಕಿಯ ಶೇ. 5ರಷ್ಟು, ಎಂದರೆ 2,500 ರೂಪಾಯಿ ಕಟ್ಟಿದವನ ಅಸಲಿನಲ್ಲಿ ಕಡಿಮೆಯಾಗುವುದು 435 ರೂಪಾಯಿ ಮಾತ್ರ. ತಿಂಗಳಿಗೆ ಮೂರೂವರೆ ಎಂದರೆ ಕಿರಿದಾಗಿ ಕೇಳಿಸುತ್ತದೆ. ವರ್ಷಕ್ಕೆ ನಲವತ್ತೆರಡು ಎಂದರೆ ಅದೇ ಬಡ್ಡಿ ಬೇರೆ ಮುಖ ತೋರಿಸುತ್ತದೆ.

ಈ ವಿಷಯದಲ್ಲಿ ರಿಸರ್ವ್ ಬ್ಯಾಂಕು 2022ರಲ್ಲಿ ನಿರ್ದೇಶನಗಳನ್ನು ಹೊರಡಿಸಿತು. ಕೇಳದವರಿಗೆ ಕಾರ್ಡು ಕಳುಹಿಸಕೂಡದು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ತಿಂಗಳು ವರ್ಷಗಳ ಕಾಲ ಎಳೆಯುತ್ತದೆಂದು ಬಳಕೆದಾರನಿಗೆ ಎಚ್ಚರಿಕೆ ಕೊಡಬೇಕು. ಬಡ್ಡಿಯ ದರಕ್ಕೇ ಒಂದು ಮಿತಿ ಹಾಕುವ ಪ್ರಯತ್ನವೂ ನಡೆದಿತ್ತು. ವರ್ಷಕ್ಕೆ ಶೇ. 30ನ್ನು ಮೀರಿದ ಬಡ್ಡಿ ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆದ್ದರಿಂದ ಇಂದಿನ ಸ್ಥಿತಿಯಲ್ಲಿ ನಮಗಿರುವ ದೊಡ್ಡ ರಕ್ಷಣೆ, ಬಿಲ್ಲಿನಲ್ಲಿ ಅಚ್ಚಾದ ಆ ಎಚ್ಚರಿಕೆಯೇ. ಆದರೆ ಕಾಗದವನ್ನು ಒಡೆದು ಓದದವನಿಗೆ ಎಚ್ಚರಿಕೆ ಹೇಗೆ ಮುಟ್ಟೀತು?

ಓದುವ ಈ ಮಾತು ನಮ್ಮ ನೆಲದ ಇತಿಹಾಸವನ್ನು ನೆನಪಿಗೆ ತರುತ್ತದೆ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ವಿರುದ್ಧ ಎದ್ದರು. ಕಿಚ್ಚು ಅಹಮದನಗರ ಜಿಲ್ಲೆಗೂ ಹಬ್ಬಿತು. ದಖ್ಖನ್ ದಂಗೆಯೆಂದು ಹೆಸರಾದ ಈ ಬಂಡಾಯದಲ್ಲಿ ರೈತರು ಮುಖ್ಯವಾಗಿ ಹುಡುಕಿದ್ದು ಧಾನ್ಯವನ್ನೂ ಅಲ್ಲ, ಬಂಗಾರವನ್ನೂ ಅಲ್ಲ. ಸಾಲದ ಪತ್ರಗಳನ್ನು ಮತ್ತು ಲೆಕ್ಕದ ವಹಿಗಳನ್ನು. ಸಿಕ್ಕವನ್ನು ಸುಟ್ಟರು. ತಾವು ಓದಲಾರದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರಿಗೆ ಆ ಕಾಗದವೇ ಶತ್ರುವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂದಿತು. ಪುಣೆ, ಸಾತಾರಾ, ಅಹಮದನಗರಗಳ ಜೊತೆಗೆ ನಮ್ಮ ಸೊಲ್ಲಾಪುರ ಜಿಲ್ಲೆಗೂ ಅದು ಅನ್ವಯಿಸಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ಕೊನೆಯ ಮಾತೆಂದು ತಿಳಿಯದೆ, ಕೊಡುಕೊಳ್ಳುವಿಕೆಯ ಚರಿತ್ರೆಯನ್ನು ಮೊದಲಿನಿಂದ ತೆರೆದು ನೋಡುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿತು. ಹಣ ಮುಟ್ಟಿದಾಗ ರಸೀದಿ ಕೊಡುವುದು, ಲೆಕ್ಕದ ಪಟ್ಟಿ ಒದಗಿಸುವುದು ಸಾಲ ಕೊಟ್ಟವನ ಹೊಣೆಯೆಂದಿತು.

ಆ ರೈತನನ್ನೂ ಈ ಬೆಕಿಯನ್ನೂ ಎದುರು ಬದುರು ನಿಲ್ಲಿಸಿ ನೋಡಿದರೆ ನಮ್ಮ ವಿಚಾರ ಸ್ಪಷ್ಟವಾಗುತ್ತದೆ. ಆತ ಓದಲಾರದವನು, ಈಕೆ ಓದಲೊಲ್ಲದವಳು. ಆತನ ಸಾಲದಲ್ಲಿ ದೋಷ ಬಹುಪಾಲು ಲೆಕ್ಕವನ್ನು ಮುಚ್ಚಿಟ್ಟವನದು. ಈಕೆಯ ಸಾಲದಲ್ಲಿ ಲೆಕ್ಕ ಪ್ರತಿ ತಿಂಗಳೂ ಮನೆ ಬಾಗಿಲಿಗೆ ಬರುತ್ತದೆ, ಮುಚ್ಚಿಡುವವಳು ತಾನೇ. ಓದುಬರಹಕ್ಕಾಗಿ, ಕನ್ನಡ ಶಾಲೆಗಳಿಗಾಗಿ ಇಷ್ಟೊಂದು ಶ್ರಮಪಟ್ಟ ನಮ್ಮಂಥ ಸಮುದಾಯಕ್ಕೆ ಈ ಭೇದ ಸಣ್ಣದಲ್ಲ. ಓದು ಬಾರದವರ ಕಾಲದಲ್ಲಿ ಕರುಣೆಗೆ ಅರ್ಹವಾದದ್ದು ಓದು ಬಂದವರ ಕಾಲದಲ್ಲಿ ನಮ್ಮದೇ ಜವಾಬ್ದಾರಿಯಾಗುತ್ತದೆ. ಹಾಗೆಂದು ಸಣ್ಣ ಅಕ್ಷರಗಳಲ್ಲಿ ಷರತ್ತುಗಳನ್ನು ಅಚ್ಚು ಹಾಕುವವರು ಹೊಣೆಯಿಂದ ಪಾರಾದರೆಂದು ಯಾರೂ ತಿಳಿಯಬೇಕಾಗಿಲ್ಲ. ಎರಡು ಹೊಣೆಗಳೂ ಒಟ್ಟಿಗೇ ನಿಲ್ಲುತ್ತವೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ.

ಕಾದಂಬರಿಯ ತಿರುವು ಕೂಡ ಒಂದು ಕಾಗದವನ್ನು ಓದುವುದರಿಂದಲೇ ಆಗುತ್ತದೆ. ಬೆಕಿಯ ತಂದೆತಾಯಿಯ ನೆರೆಯವರಾದ ಜ್ಯಾನಿಸ್ ಮತ್ತು ಮಾರ್ಟಿನ್ ಎಂಬ ವಯಸ್ಸಾದ ದಂಪತಿ, ಹಣಕಾಸು ಬಲ್ಲವಳೆಂದು ನಂಬಿ ಅವಳ ಸಲಹೆ ಕೇಳಿರುತ್ತಾರೆ. ಅವಳು ಲಕ್ಷ್ಯಗೊಡದೆ ಹೇಳಿದ ಒಂದು ಮಾತಿನಂತೆ ನಡೆದು, ತಮಗೆ ಬರಬೇಕಾಗಿದ್ದ ದೊಡ್ಡ ಮೊತ್ತವನ್ನು ಕಳೆದುಕೊಳ್ಳುತ್ತಾರೆ. ಫ್ಲಾಗ್‌ಸ್ಟಾಫ್ ಲೈಫ್ ಎಂಬ ಸಂಸ್ಥೆ ಗಡಿಯಾರವೊಂದನ್ನು ಕಾಣಿಕೆಯೆಂದು ತೋರಿಸಿ ಅವರ ಹೂಡಿಕೆಯನ್ನು ಬೇರೆಡೆಗೆ ತಿರುಗಿಸಿರುತ್ತದೆ. ತನ್ನ ಬಿಲ್ಲುಗಳನ್ನು ಎಂದೂ ಓದದವಳು ಅವರಿಗೆ ಬಂದ ಪತ್ರವನ್ನು ಗಮನವಿಟ್ಟು ಓದುತ್ತಾಳೆ, ಮೋಸವನ್ನು ಗುರುತಿಸುತ್ತಾಳೆ, ಪತ್ರಿಕೆಯಲ್ಲಿ ಬರೆದು ಬಯಲಿಗೆಳೆಯುತ್ತಾಳೆ. ತನಗಾಗಿ ಮಾಡಲಾರದ್ದನ್ನು ಆಕೆ ಪರರಿಗಾಗಿ ಮಾಡಬಲ್ಲವಳಾದಳು. ಇಲ್ಲಿ ಲೇಖಕಿಯ ಒಳನೋಟವಿದೆ. ಲೆಕ್ಕವನ್ನು ನಮ್ಮ ಅವಮಾನದ ಪಟ್ಟಿಯೆಂದು ಕಂಡಾಗ ಕಣ್ಣು ತಾನಾಗಿ ಮುಚ್ಚುತ್ತದೆ. ನಮ್ಮನ್ನು ನಂಬಿದವರಿಗೆ ಸಲ್ಲಬೇಕಾದದ್ದೆಂದು ಕಂಡಾಗ ಅದೇ ಕಣ್ಣು ತೆರೆಯುತ್ತದೆ. ಸಾಲ ತನ್ನೊಬ್ಬನ ವಿಷಯವೆಂದು ತಿಳಿಯುವುದೇ ಮೊದಲ ಭ್ರಮೆ. ಮನೆಯಲ್ಲಿ ಒಬ್ಬರ ಕಾರ್ಡಿನ ಬಾಕಿ ಇನ್ನೊಬ್ಬರ ಔಷಧವಾಗಿ, ಮಗಳ ಕಾಲೇಜಿನ ಫೀಸಾಗಿ ಹೋಗಬೇಕಾಗಿದ್ದ ಹಣವೇ ಆಗಿರುತ್ತದೆ.

ಕೊನೆಯಲ್ಲಿ ಬೆಕಿಗೆ ದೂರದರ್ಶನದಲ್ಲಿ ಕೆಲಸ ಸಿಗುತ್ತದೆ, ಸಾಲ ತೀರುತ್ತದೆ. ಹಾಸ್ಯ ಕಾದಂಬರಿಗೆ ಇದು ಒಪ್ಪುವ ಮುಕ್ತಾಯವೇ. ಆದರೆ ನೀತಿಯ ದೃಷ್ಟಿಯಿಂದ ದುರ್ಬಲವಾದದ್ದು. ಆದಾಯ ಏರಿತೆಂದು ತೀರಿದ ಸಾಲ ಅಭ್ಯಾಸವನ್ನು ಮುಟ್ಟುವುದಿಲ್ಲ. ಲೇಖಕಿಗೂ ಇದು ತಿಳಿದಿತ್ತೆಂದು ತೋರುತ್ತದೆ. 2001ರಲ್ಲಿ ಬಂದ ಮುಂದಿನ ಕಾದಂಬರಿ 'ಶಾಪಹಾಲಿಕ್ ಅಬ್ರಾಡ್'ನಲ್ಲಿ ಬೆಕಿ ಮತ್ತೆ ಸಾಲದಲ್ಲಿದ್ದಾಳೆ. ಈ ಸಲ ಅವಳು ತಾನು ಕೊಂಡು ಕೂಡಿಹಾಕಿದ ವಸ್ತುಗಳನ್ನು ಲಿಲಾವಿಗಿಟ್ಟು ಬಾಕಿ ತೀರಿಸುತ್ತಾಳೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಪುಸ್ತಕದ ಅದೃಷ್ಟಕ್ಕಿಂತ ಎರಡನೆಯದರ ಲಿಲಾವು ಸತ್ಯಕ್ಕೆ ಹತ್ತಿರವಾದದ್ದು. ಕೊಂಡದ್ದನ್ನೆಲ್ಲ ಎಲ್ಲರ ಮುಂದೆ ಹರಡಿ ಒಂದೊಂದನ್ನೂ ಬಿಟ್ಟುಕೊಡುವುದೆಂದರೆ, ಇಷ್ಟು ದಿನ ಓದದೆ ಬಿಟ್ಟ ಬಿಲ್ಲುಗಳನ್ನು ಸಾಲು ಸಾಲಾಗಿ ಓದಿದಂತೆಯೇ.

ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ಅನ್ಯಾಯವಾದೀತು. ಸಾಲದಲ್ಲಿರುವವರೆಲ್ಲರೂ ಬೆಕಿಯಂಥವರಲ್ಲ. ಆಸ್ಪತ್ರೆಯ ಖರ್ಚಿಗೆ, ಮಳೆ ಕೈಕೊಟ್ಟ ವರ್ಷದ ಹೊಟ್ಟೆಪಾಡಿಗೆ, ನಿಂತುಹೋದ ಮಗ್ಗದ ಮನೆಯ ಸಂಸಾರಕ್ಕೆ ಸಾಲ ಮಾಡಿದವರ ಮುಂದೆ ಕೊರಳವಸ್ತ್ರದ ನೀತಿಯನ್ನು ಹೇಳಹೊರಟರೆ ನಾವೇ ನಗೆಗೀಡಾಗುತ್ತೇವೆ. ಆದರೂ ಒಂದು ಸಂಕಟ ಇಬ್ಬರಿಗೂ ಸಮಾನ. ಅದು ನಾಚಿಕೆ. ಬೆಕಿಗೆ ಪ್ರೀತಿಸುವ ತಂದೆತಾಯಿಗಳಿದ್ದಾರೆ. ಅಂತರಂಗದ ಗೆಳತಿ ಸೂಜ್ ಒಂದೇ ಮನೆಯಲ್ಲಿದ್ದಾಳೆ. ಹೇಳಿದ್ದರೆ ಯಾರಾದರೂ ಕೈಹಿಡಿಯುತ್ತಿದ್ದರು. ಅವಳು ಹೇಳಲಿಲ್ಲ, ಹೇಳುವುದಿರಲಿ, ಬ್ಯಾಂಕಿನ ಅಧಿಕಾರಿಯೇ ತನ್ನ ಬೆನ್ನು ಬಿದ್ದ ದುಷ್ಟನೆಂದು ತಾಯಿ ತಿಳಿದಾಗ ಹಾಗೆಯೇ ಇರಲೆಂದು ಬಿಟ್ಟಳು. ಸಾಲಕ್ಕಿಂತ ಈ ಮೌನ ಹೆಚ್ಚು ಬಡ್ಡಿ ತಿನ್ನುತ್ತದೆ. ಮೂರು ಜನರಿಗೆ ತಿಳಿದಿದ್ದರೆ ಮೊದಲ ವರ್ಷವೇ ನಿಲ್ಲಬಹುದಾಗಿದ್ದ ಬಾಕಿ, ಒಬ್ಬನ ಎದೆಯೊಳಗೆ ಬಚ್ಚಿಟ್ಟುಕೊಂಡಿದ್ದರಿಂದ ಮನೆ ಮಾರುವವರೆಗೆ ಬೆಳೆಯುತ್ತದೆ.

ಆ ಮೌನದಲ್ಲಿ ಸಮಾಜದ ಪಾಲೂ ಇದೆ. ಸಾಲಗಾರನೆಂದೊಡನೆ ಹುಬ್ಬೇರಿಸುವವರ ನಡುವೆ ಯಾರೂ ಬಾಯಿ ಬಿಡಲಾರರು. ವೈಭವದ ಮದುವೆಯನ್ನು ಹೊಗಳಿ, ಸರಳ ಮದುವೆಯನ್ನು ಜಿಪುಣತನವೆನ್ನುವ ನಾಲಗೆ ನಮ್ಮದೇ ಆಗಿದ್ದರೆ, ಆ ವೈಭವದ ಬಿಲ್ಲಿನಲ್ಲಿ ನಮ್ಮ ಹೆಸರೂ ಕಾಣದ ಅಕ್ಷರಗಳಲ್ಲಿ ಬರೆದಿರುತ್ತದೆ. ಆದ್ದರಿಂದ ಈ ಪ್ರಶ್ನೆಗೆ ಒಬ್ಬೊಬ್ಬರೂ ಕೊಡಬೇಕಾದ ಉತ್ತರ ಒಂದಾದರೆ, ಎಲ್ಲರೂ ಕೂಡಿ ಕೊಡಬೇಕಾದ ಉತ್ತರ ಇನ್ನೊಂದು. ಒಬ್ಬೊಬ್ಬರು ಲೆಕ್ಕವನ್ನು ನೋಡಬೇಕು. ಎಲ್ಲರೂ ಕೂಡಿ, ಲೆಕ್ಕವನ್ನು ತೋರಿಸಿದವರ ಮಾನ ಕಳೆಯದಂತೆ ಬಾಳಬೇಕು.

ಹಳೆಯ ಅಂಗಡಿಕಾರ ತಿಂಗಳ ಕೊನೆಗೆ ವಹಿಯನ್ನು ಗಿರಾಕಿಯ ಕಡೆಗೆ ತಿರುಗಿಸಿ, ಬೆರಳಿಟ್ಟು ಒಂದೊಂದು ಸಾಲನ್ನೂ ಓದಿ ಹೇಳುತ್ತಿದ್ದ: ಬೆಲ್ಲ ಇಷ್ಟು, ಎಣ್ಣೆ ಇಷ್ಟು, ಹಿಂದಿನ ಬಾಕಿ ಇಷ್ಟು. ಕಾರ್ಡು ಕೊಟ್ಟವರು ಹಾಗೆ ಕೂತು ಓದಿ ಹೇಳಲಾರರು. ಆ ಕೆಲಸವನ್ನು ಈಗ ನಾವೇ ಮಾಡಿಕೊಳ್ಳಬೇಕಾಗಿದೆ. ತಿಂಗಳಿಗೊಮ್ಮೆ ಊಟವಾದ ಮೇಲೆ ಗಂಡ, ಹೆಂಡತಿ, ದುಡಿಯುವ ಮಕ್ಕಳು ಒಟ್ಟಿಗೆ ಕುಳಿತು ಬಂದ ಬಿಲ್ಲನ್ನು ಗಟ್ಟಿಯಾಗಿ ಓದುವ ಪದ್ಧತಿಯೊಂದು ಮನೆಯಲ್ಲಿ ಬೆಳೆದರೆ, ಯಾರನ್ನೂ ದೂರದೆ ಮೊತ್ತವನ್ನಷ್ಟೇ ಓದಿದರೆ, ಅಲ್ಲಿಂದ ಮುಂದಿನ ದಾರಿ ಎಷ್ಟೇ ಕಷ್ಟದ್ದಾದರೂ ಕಣ್ಣಿಗೆ ಕಾಣುತ್ತದೆ.